ನಿಮಗಿದು ಗೊತ್ತೇ? ಗೆರೆ ಎಳೆದ ಕೈಗಳು

ನಮ್ಮ ಸಂವಿಧಾನದ ಮೂಲಪ್ರತಿ ಮೊಳೆ ಜೋಡಿಸಿ ಅಚ್ಚು ಹಾಕಿದ್ದಲ್ಲ, ಕೈಯಲ್ಲಿ ಬರೆದದ್ದು. ಇಂಗ್ಲಿಷ್ ಪ್ರತಿಯನ್ನು ಆದಿಯಿಂದ ಅಂತ್ಯದವರೆಗೆ ಒಬ್ಬರೇ ಬರೆದರು. ಅವರು ದೆಹಲಿಯ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಸುಂದರ ಬರಹ ಅವರ ಮನೆತನದ ವಿದ್ಯೆ, ಕಲಿಸಿದವರು ಅಜ್ಜ. ಸಂಭಾವನೆ ಎಷ್ಟು ಕೊಡಬೇಕು ಎಂದು ಕೇಳಿದಾಗ ಒಂದು ಕಾಸೂ ಬೇಡ ಎಂದರಂತೆ. ಬದಲಿಗೆ ಪ್ರತಿ ಪುಟದಲ್ಲೂ ತಮ್ಮ ಹೆಸರು, ಕೊನೆಯ ಪುಟದಲ್ಲಿ ತಮ್ಮದರ ಜೊತೆ ಅಜ್ಜನ ಹೆಸರು ಇರಲಿ ಎಂದು ಕೇಳಿದರು.

ಆ ಪುಟಗಳ ಅಂಚು ಮತ್ತು ಚಿತ್ರಗಳು ಶಾಂತಿನಿಕೇತನದ ನಂದಲಾಲ್ ಬೋಸ್ ಹಾಗೂ ಅವರ ಶಿಷ್ಯರ ಕೆಲಸ. ಮೊದಲ ಪುಟದ ಸಿಂಹಗಳನ್ನು ಬರೆದ ದೀನಾನಾಥ್ ಭಾರ್ಗವ ಆಗಿನ್ನೂ ವಿದ್ಯಾರ್ಥಿ. ಸಿಂಹ ಸಿಂಹದ ಹಾಗೇ ಇರಬೇಕೆಂದು ಗುರುಗಳು ಅವರನ್ನು ಕಲ್ಕತ್ತೆಯ ಮೃಗಾಲಯಕ್ಕೆ ಅಟ್ಟಿದ್ದರು. ಪೀಠಿಕೆಯ ಪುಟ ಸಿಂಗರಿಸಿದವರು ಜಬಲ್ಪುರದ ಬ್ಯೋಹಾರ್ ರಾಮ್‌ಮನೋಹರ್ ಸಿನ್ಹಾ. ಮುಂದಿನ ಸಲ ಆ ಪುಟದ ಚಿತ್ರ ಕಂಡಾಗ ಕೆಳಗಿನ ಬಲಮೂಲೆಯನ್ನು ಹುಡುಕಿ: ಬಳ್ಳಿಗಳ ನಡುವೆ ನಾಗರಿ ಲಿಪಿಯಲ್ಲಿ ‘ರಾಮ್’ ಎಂಬ ಪುಟ್ಟ ಸಹಿ ಇದೆ. ಇಡೀ ಗ್ರಂಥವನ್ನು ಫೋಟೊ ತೆಗೆದು ಕಲ್ಲಚ್ಚಿನ ವಿಧಾನದಲ್ಲಿ 1000 ಪ್ರತಿ ಮಾಡಿದ್ದು ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾ. ನಕ್ಷೆ ಮುದ್ರಿಸುವವರು!

ಸಂವಿಧಾನ ಸಭೆಯಲ್ಲಿ ಮಾತಾಡಿದವರೆಲ್ಲ ನಮಗೆ ಗೊತ್ತು. ಆ ಮಾತಿಗೆ ರೂಪ ಕೊಟ್ಟವರು ಗೊತ್ತಿಲ್ಲ. ಇದು ಸಂವಿಧಾನದ ಕತೆಯಷ್ಟೇ ಅಲ್ಲ. ಸಿನಿಮಾ, ಜಾಹೀರಾತು, ಕಂಪ್ಯೂಟರ್, ರಸ್ತೆಬದಿಯ ಫಲಕ, ಎಲ್ಲ ಕಡೆಯೂ ತಂಡದ ನಡುವೆ ಕೂತು ಒಂದು ತೊಡಕನ್ನು ಬಿಡಿಸಿದವರಿದ್ದಾರೆ. ಈ ಸಲ ಅವರನ್ನು ಹೆಸರು ಹಿಡಿದೇ ಕರೆಯೋಣ.

ಫೋನಿನಲ್ಲಿ ದುಡ್ಡು ಕಳಿಸುವಾಗಲೆಲ್ಲ ಕಾಣುವ ₹ ಚಿಹ್ನೆ ಮೂರು ಸಾವಿರಕ್ಕೂ ಹೆಚ್ಚು ಸ್ಪರ್ಧಿಗಳ ನಡುವೆ ಗೆದ್ದದ್ದು. ಬರೆದವರು ಡಿ. ಉದಯ ಕುಮಾರ್, ಮುಂಬಯಿ ಐಐಟಿಯಲ್ಲಿ ತಮಿಳು ಅಕ್ಷರವಿನ್ಯಾಸದ ಮೇಲೆ ಸಂಶೋಧನೆ ಮಾಡಿದವರು. ಕೇಂದ್ರ ಸಂಪುಟ ಒಪ್ಪಿದ್ದು 2010ರ ಜುಲೈ 15ರಂದು. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್‌ನಲ್ಲಿ ಅದಕ್ಕೊಂದು ಸಂಖ್ಯೆಯೂ ಸಿಕ್ಕಿತು. ಆದರೆ ಸಂಖ್ಯೆ ಸಿಕ್ಕರೆ ಅಕ್ಷರ ತಾನಾಗಿ ಮೂಡುವುದಿಲ್ಲ. ದಪ್ಪ, ತೆಳು, ದುಂಡು, ಚೌಕ ಎಂದು ಪ್ರತಿಯೊಂದು ಫಾಂಟಿನ ಗುಣ ನೋಡಿಕೊಂಡು ಆಯಾ ಫಾಂಟಿನ ವಿನ್ಯಾಸಕರು ಅದನ್ನು ಹೊಸದಾಗಿ ಬರೆಯಲೇಬೇಕು. ಒಂದು ಚಿಹ್ನೆಯ ಹಿಂದೆ ಎಷ್ಟೊಂದು ಕೈ!

ಮತಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್ ಎಂಬುದು ಅನೇಕರಿಗೆ ಗೊತ್ತು. ಆ ಯಂತ್ರದ ಹೊರರೂಪ ಗೊತ್ತುಮಾಡಿದವರು ಮುಂಬಯಿ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರದ ಪ್ರಾಧ್ಯಾಪಕರಾಗಿದ್ದ ಎ. ಜಿ. ರಾವ್ ಮತ್ತು ರವಿ ಪೂವಯ್ಯ. ಓದು ಬರಹ ಬಾರದವರೂ ಯಾರನ್ನೂ ಕೇಳದೆ ಒಂದು ಗುಂಡಿ ಒತ್ತಿ ಬರಬೇಕು. ಇಷ್ಟು ದೊಡ್ಡ ಪರೀಕ್ಷೆಗೆ ಕೂತ ವಿನ್ಯಾಸ ನಮ್ಮ ದೇಶದಲ್ಲಿ ಬೇರೆ ಯಾವುದಿದೆ?

ದೂರದರ್ಶನದ ಕಣ್ಣಿನಂಥ ಆ ಲಾಂಛನ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದ ದೇವಾಶಿಸ್ ಭಟ್ಟಾಚಾರ್ಯ ಅವರದು. ಅದನ್ನು ಪರದೆಯ ಮೇಲೆ ಸುತ್ತಿಸಿ ಕೂರಿಸಿದ್ದು ಅಲ್ಲಿಯದೇ ಆರ್. ಎಲ್. ಮಿಸ್ತ್ರಿ. ಜೊತೆಗಿದ್ದ ರಾಗ ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಅವರದು. ಸ್ಟೇಟ್ ಬ್ಯಾಂಕಿನ ನೀಲಿ ವೃತ್ತವೂ ಅದೇ ಸಂಸ್ಥೆಯಿಂದ ಬಂದದ್ದು. 1971ರಲ್ಲಿ ಅದನ್ನು ರೂಪಿಸಿದವರು ಶೇಖರ್ ಕಾಮತ್.

ಆ ವಿನ್ಯಾಸ ಸಂಸ್ಥೆ ಹುಟ್ಟುವ ಮೊದಲೇ ಅದಕ್ಕೆ ಬುನಾದಿಯಾದ ವರದಿ ಬರೆದವರು ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ. 1958ರಲ್ಲಿ ಭಾರತವೆಲ್ಲ ತಿರುಗಿದ ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಯಾವುದನ್ನು? ತಂಬಿಗೆಯನ್ನು! ಎಷ್ಟು ನೀರು ಹಿಡಿಯುತ್ತದೆ, ತಲೆಯ ಮೇಲೋ ಸೊಂಟದ ಮೇಲೋ ಹೇಗೆ ಕೂರುತ್ತದೆ, ಸುರಿಯುವಾಗ ಎತ್ತ ವಾಲುತ್ತದೆ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ ಎಂದೆಲ್ಲ ಪಟ್ಟಿ ಮಾಡಿದರು. ಇದನ್ನು ಯಾವೊಬ್ಬನೂ ವಿನ್ಯಾಸ ಮಾಡಿದ್ದಲ್ಲ, ತಲೆತಲಾಂತರದ ಜನ ತಿದ್ದುತ್ತ ಬಂದದ್ದು ಎಂದರು.

ಅಮುಲ್ ಬೆಣ್ಣೆಯ ಚುಕ್ಕಿ ಲಂಗದ ಹುಡುಗಿಗೆ ಅರವತ್ತು ವರ್ಷ. 1966ರಲ್ಲಿ ಅವಳನ್ನು ಬರೆದವರು ಯೂಸ್ಟಸ್ ಫರ್ನಾಂಡಿಸ್, ಆ ಜಾಹೀರಾತಿನ ಹೊಣೆ ಹೊತ್ತವರು ಸಿಲ್ವೆಸ್ಟರ್ ಡಕುನ್ಹಾ. ನಂತರ ದಶಕಗಳ ಕಾಲ ಸಿಲ್ವೆಸ್ಟರ್ ಅವರ ಮಗ ರಾಹುಲ್, ಪದಗಳ ಚಮತ್ಕಾರ ಮಾಡುವ ಮನೀಶ್ ಝವೇರಿ, ಚಿತ್ರ ಬರೆಯುವ ಜಯಂತ್ ರಾಣೆ, ಈ ಮೂವರೇ ದೇಶದ ಸುದ್ದಿಯನ್ನು ಬೆಣ್ಣೆಗೆ ಜೋಡಿಸುತ್ತ ಬಂದರು.

ಈಗ ಸಿನಿಮಾಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಸತ್ಯಜಿತ್ ರಾಯ್ ನಿರ್ದೇಶಕರಾಗುವ ಮೊದಲು ಕಲ್ಕತ್ತೆಯ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬರೆಯುತ್ತಿದ್ದರು, ಸಿಗ್ನೆಟ್ ಪ್ರೆಸ್ಸಿಗೆ ಮುಖಪುಟ ಮಾಡುತ್ತಿದ್ದರು. ‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗಲೇ ಆ ಸಿನಿಮಾ ಅವರ ತಲೆಯಲ್ಲಿ ಮೊಳೆತದ್ದು. ಅವರ ‘ರೇ ರೋಮನ್’ ಎಂಬ ಇಂಗ್ಲಿಷ್ ಅಕ್ಷರಮಾಲೆಗೆ 1971ರಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಇಷ್ಟೆಲ್ಲ ಬಲ್ಲ ನಿರ್ದೇಶಕರಿಗೂ ತಂಡ ಬೇಕಿತ್ತು. 1956ರ ‘ಅಪರಾಜಿತೊ’ ಚಿತ್ರದಲ್ಲಿ ಕಾಶಿಯ ಮನೆಯೊಂದರ ಒಳಂಗಳ ಬರುತ್ತದೆ. ಮಳೆಯ ಭಯಕ್ಕೆ ಅದನ್ನು ಬಯಲಿನಲ್ಲಿ ಕಟ್ಟಲಾಗದೆ, ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಸ್ಟುಡಿಯೋದ ಸೂರಿನಡಿ ಕಟ್ಟಿದರು. ಛಾಯಾಗ್ರಾಹಕ ಸುಬ್ರತ ಮಿತ್ರ ತಕರಾರು ತೆಗೆದರು: ಅಂಥ ಅಂಗಳಕ್ಕೆ ಬೆಳಕು ಮೇಲಿನ ಆಕಾಶದಿಂದ ಇಳಿಯುತ್ತದೆ, ಅದಕ್ಕೆ ಗಟ್ಟಿ ನೆರಳಿಲ್ಲ, ಸ್ಟುಡಿಯೋ ದೀಪದಲ್ಲಿ ಅದು ಹೇಗೆ ಬಂದೀತು? ಕೊನೆಗೆ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ದೀಪದ ಬೆಳಕನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಮರಳಿ ಬೀಳುವ ಮೆದು ಬೆಳಕಿನಲ್ಲಿ ಚಿತ್ರ ತೆಗೆದರು. ಅದು ಸ್ಟುಡಿಯೋದಲ್ಲಿ ತೆಗೆದದ್ದು ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ. ಹೀಗೆ ಬೆಳಕನ್ನು ತಿರುಗಿಸಿ ಬಳಸುವುದು ಇಂದು ಎಲ್ಲೆಲ್ಲೂ ಮಾಮೂಲು. ಸುಬ್ರತ ಮಿತ್ರ ಇದನ್ನು ಮಾಡಿದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ‘ಪಥೇರ್ ಪಾಂಚಾಲಿ’ಗಿಂತ ಮೊದಲು ಅವರು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ.

ಕನ್ನಡದ ‘ಸಂಸ್ಕಾರ’ ಚಿತ್ರಕ್ಕೆ ಕಲಾ ನಿರ್ದೇಶಕರು ಯಾರು ಗೊತ್ತೇ? ಚೋಳಮಂಡಲದ ಚಿತ್ರಕಾರ ಎಸ್. ಜಿ. ವಾಸುದೇವ್. ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಯಿಂದ ಕಲಾ ನಿರ್ದೇಶನ ಶುರುಮಾಡಿದ ಪಿ. ಕೃಷ್ಣಮೂರ್ತಿ ಮುಂದೆ ‘ಮಧ್ವಾಚಾರ್ಯ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅಯ್ಯರ್ ಅವರ ಹಳೆಯ ಕಾಲದ ಕತೆಗಳನ್ನು ನಾವು ನಂಬುವುದಕ್ಕೆ ಅರ್ಧ ಕಾರಣ ಈ ಕೃಷ್ಣಮೂರ್ತಿಯವರು ಎಂದೇ ನನ್ನ ಅನಿಸಿಕೆ.

ಟಿವಿ ಧಾರಾವಾಹಿಗಾಗಿ ಆಗುಂಬೆಯನ್ನು ಮಾಲ್ಗುಡಿ ಮಾಡಿದ್ದು ಶಂಕರ್ ನಾಗ್, ನಿಜ. ಅಂಗಡಿ, ಬೋರ್ಡು, ಪ್ರತಿಮೆ ಎಲ್ಲ ಸೇರಿಸಿ ಆ ಊರನ್ನು ಕಣ್ಣಮುಂದೆ ನಿಲ್ಲಿಸಿದ ಕಲಾ ನಿರ್ದೇಶಕ ಬೆಂಗಳೂರಿನ ಜಾನ್ ದೇವರಾಜ್. ಧಾರಾವಾಹಿಯ ರೈಲು ನಿಲ್ದಾಣವಾಗಿದ್ದ ಅರಸಾಳನ್ನು ರೈಲ್ವೆ ಇಲಾಖೆ ‘ಮಾಲ್ಗುಡಿ’ ವಸ್ತುಸಂಗ್ರಹಾಲಯ ಮಾಡಲು ಹೊರಟಾಗ ಮತ್ತೆ ಕರೆದದ್ದೂ ಅವರನ್ನೇ. ಶೀರ್ಷಿಕೆಯ ಗೆರೆಚಿತ್ರಗಳು ಆರ್. ಕೆ. ಲಕ್ಷ್ಮಣ್ ಅವರದು, ಮಾಲ್ಗುಡಿಯ ಕತೆ ಬರೆದ ಅಣ್ಣನಿಗೆ ತಮ್ಮನ ಗೆರೆ.

ಆಸ್ಕರ್ ಪಡೆದ ಮೊದಲ ಭಾರತೀಯರು ನಟರಲ್ಲ, ನಿರ್ದೇಶಕರಲ್ಲ. ಕೊಲ್ಹಾಪುರದ ಭಾನು ಅಥೈಯಾ, ವಸ್ತ್ರವಿನ್ಯಾಸಕಿ. ‘ಗಾಂಧಿ’ ಚಿತ್ರಕ್ಕಾಗಿ 1983ರಲ್ಲಿ, ಜಾನ್ ಮೊಲೊ ಜೊತೆಗೆ. ತಮ್ಮ ನಂತರ ಅದು ಎಲ್ಲಿ ಹಾಳಾಗುತ್ತದೋ ಎಂಬ ಚಿಂತೆಯಲ್ಲಿ 2012ರಲ್ಲಿ ಪ್ರತಿಮೆಯನ್ನು ಆಸ್ಕರ್ ಅಕಾಡೆಮಿಗೇ ಒಪ್ಪಿಸಿದರು.

‘ಸೈಕೊ’ ಚಿತ್ರದ ಸ್ನಾನದ ಮನೆಯ ಕೊಲೆಯನ್ನು ಹಿಚ್‌ಕಾಕ್ ಚಿತ್ರಿಸುವ ಮೊದಲೇ ಚೌಕಟ್ಟು ಚೌಕಟ್ಟಾಗಿ ಕಾಗದದ ಮೇಲೆ ಬರೆದುಕೊಟ್ಟವರು ಸಾಲ್ ಬಾಸ್. ಒಂದು ನಿಮಿಷವೂ ಇಲ್ಲದ ದೃಶ್ಯಕ್ಕೆ ಒಂದು ವಾರದ ಚಿತ್ರೀಕರಣ. ರಕ್ತ ಎಂದು ಕಂಡದ್ದು ಚಾಕೊಲೇಟ್ ಪಾಕ. ಚಾಕುವಿನ ಸದ್ದಿಗೆ ಇರಿದದ್ದು ಕರಬೂಜ ಹಣ್ಣನ್ನು.

ಸದ್ದನ್ನೂ ವಿನ್ಯಾಸ ಮಾಡುತ್ತಾರೆ. ಗಾಡ್ಜಿಲಾದ ಘರ್ಜನೆ ಯಾವ ಪ್ರಾಣಿಯದೂ ಅಲ್ಲ. 1954ರಲ್ಲಿ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ, ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ತಂತಿಗಳನ್ನು ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿಸಿ, ಅದನ್ನು ನಿಧಾನಗೊಳಿಸಿದರು. ‘ಸ್ಟಾರ್ ವಾರ್ಸ್’ನ ಡಾರ್ತ್ ವೇಡರ್‌ನ ಉಸಿರು? ಧ್ವನಿ ವಿನ್ಯಾಸಕ ಬೆನ್ ಬರ್ಟ್ ಮುಳುಗುಗಾರರ ಉಸಿರಾಟದ ಸಲಕರಣೆಯೊಳಗೆ ಮೈಕ್ ಇಟ್ಟು ಹಿಡಿದದ್ದು. ವೇಡರ್‌ಗೆ ಆ ಮುಖವಾಡ ಬಂದದ್ದೂ ಒಬ್ಬ ಚಿತ್ರಕಾರರಿಂದ. ಕತೆಯ ಪ್ರಕಾರ ಅವನು ಗಾಳಿಯಿಲ್ಲದ ಜಾಗದಲ್ಲಿ ಒಂದು ನೌಕೆಯಿಂದ ಇನ್ನೊಂದಕ್ಕೆ ಹೋಗಬೇಕು. ಹಾಗಾದರೆ ಉಸಿರಾಡುವುದು ಹೇಗೆ ಎಂದು ಯೋಚಿಸಿದವರು ರಾಲ್ಫ್ ಮೆಕ್ವಾರಿ.

ಕುದುರೆಯ ಗೊರಸಿಗೆ ತೆಂಗಿನ ಚಿಪ್ಪು, ಹಿಮದ ಮೇಲಿನ ನಡಿಗೆಗೆ ಚೀಲದಲ್ಲಿ ತುಂಬಿದ ಜೋಳದ ಪಿಷ್ಟ, ಮುರಿಯುವ ಮೂಳೆಗೆ ಸೆಲರಿ ದಂಟು. ಸಿನಿಮಾದ ಇಂಥ ಸದ್ದು ಮಾಡುವವರನ್ನು ಜಗತ್ತೆಲ್ಲ ‘ಫೋಲಿ’ ಕಲಾವಿದರು ಎನ್ನುತ್ತದೆ. ಮಾತಿನ ಚಿತ್ರಗಳ ಮೊದಲ ದಿನಗಳಲ್ಲಿ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ಕೆಲಸ ಮಾಡಿದ ಜಾಕ್ ಫೋಲಿಯವರ ಹೆಸರು ಅದು.

‘ಬ್ಯಾಂಬಿ’ ನೋಡಿದವರಿಗೆ ಆ ಮಂಜು ಮುಸುಕಿದ ಕಾಡು ನೆನಪಿರುತ್ತದೆ. ಡಿಸ್ನಿ ತಂಡ ಮೊದಲು ಒಂದೊಂದು ಎಲೆಯನ್ನೂ ಬಿಡದೆ ಕಾಡು ಬರೆಯುತ್ತಿತ್ತು, ಜಿಂಕೆ ಅದರಲ್ಲಿ ಕಳೆದೇ ಹೋಗುತ್ತಿತ್ತು. ಆಗ ಚೀನಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದ ಟೈರಸ್ ವಾಂಗ್ ಅಲ್ಲಿ ತೀರ ಕೆಳಗಿನ ಕೆಲಸದಲ್ಲಿದ್ದರು. ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ದಿನವಿಡೀ ತುಂಬುವ ಕೆಲಸ ಅದು. ಅವರು ಯಾರೂ ಹೇಳದೆ ಮನೆಯಲ್ಲಿ ಕೆಲವು ಚಿತ್ರ ಬರೆದು ತಂದು ತೋರಿಸಿದರು. ಚೀನಾದ ಸೋಂಗ್ ಕಾಲದ ಭೂದೃಶ್ಯಗಳ ಹಾಗೆ ನಡುವಿನಲ್ಲಿ ಜಿಂಕೆಯ ಸುತ್ತ ನಾಲ್ಕು ಸ್ಪಷ್ಟ ಗೆರೆ, ಉಳಿದದ್ದೆಲ್ಲ ಮಂಜು ಮತ್ತು ಬಣ್ಣ. ಇಡೀ ಚಿತ್ರದ ದಾರಿಯೇ ಬದಲಾಯಿತು. 1942ರಲ್ಲಿ ತೆರೆಗೆ ಬಂದಾಗ ಹಿನ್ನೆಲೆ ಬರೆದವರ ಪಟ್ಟಿಯಲ್ಲಿ ಅವರದು ಹತ್ತರಲ್ಲಿ ಒಂದು ಹೆಸರು. ಅಷ್ಟರಲ್ಲಿ, 1941ರ ಮುಷ್ಕರದ ನಂತರ, ಅವರನ್ನು ಕೆಲಸದಿಂದಲೇ ತೆಗೆದಿದ್ದರು. ಡಿಸ್ನಿ ಸಂಸ್ಥೆ ಅವರನ್ನು ಗೌರವಿಸಿದ್ದು 2001ರಲ್ಲಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ಪುಣ್ಯಕ್ಕೆ ಅವರು 106 ವರ್ಷ ಬದುಕಿದರು.

ವಿಡಿಯೊ ಆಟದ ಮಾರಿಯೊಗೆ ಮೀಸೆ ಯಾಕೆ? 1981ರ ಆಟದಲ್ಲಿ ಇದ್ದದ್ದೇ ಬೆರಳೆಣಿಕೆಯ ಪಿಕ್ಸೆಲ್. ಬಾಯಿ ಬರೆಯಲು ಜಾಗವಿಲ್ಲ, ಮೀಸೆ ಇಟ್ಟರೆ ಮೂಗು ಎದ್ದು ಕಾಣುತ್ತದೆ. ಹಾರುವಾಗ ಕೂದಲು ಹಾರಿಸುವುದು ಕಷ್ಟ, ಟೋಪಿ ಹಾಕಿದರೆ ಆ ಚಿಂತೆ ಇಲ್ಲ. ಇದೆಲ್ಲ ಶಿಗೆರು ಮಿಯಾಮೊಟೊ ಅವರ ಲೆಕ್ಕಾಚಾರ. 1985ರ ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ, ಬಣ್ಣವಷ್ಟೇ ಬೇರೆ. ಇಡೀ ಆಟ 40 ಕೆ.ಬಿ.ಯಲ್ಲಿ ಮುಗಿಯಬೇಕಿತ್ತು!

‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ಅವರ ಓಟ ಜೋರಾಗುತ್ತದೆ. ಚಿತ್ರಗಳು ಕಡಿಮೆಯಾದಷ್ಟೂ ಯಂತ್ರದ ಭಾರ ಇಳಿದು ಅದು ವೇಗ ಪಡೆಯುತ್ತಿತ್ತು, ಅಷ್ಟೇ. ತೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸದೆ ಆಟದ ರೋಚಕತೆಗೇ ಬಿಟ್ಟುಕೊಂಡರು.

ವಿಂಡೋಸ್ 95 ತೆರೆದುಕೊಳ್ಳುವಾಗಿನ ಆ ಕೆಲವೇ ಸೆಕೆಂಡುಗಳ ನಾದಕ್ಕಾಗಿ ಬ್ರಯಾನ್ ಈನೊ 84 ತುಣುಕು ಮಾಡಿದ್ದರು. ಮಾಡಿದ್ದು ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿನಲ್ಲಿ.

ಆ ಮ್ಯಾಕ್‌ನ ಮೊದಲ ಚಿತ್ರಗಳನ್ನು ಬರೆದ ಸೂಸನ್ ಕೇರ್ ಅವರಿಗೆ ಕಂಪ್ಯೂಟರ್ ಹೊಸದು, ಅವರು ಶಿಲ್ಪ ಮಾಡುತ್ತಿದ್ದರು. ಚೌಕುಳಿ ಹಾಳೆಯ ಪುಸ್ತಕ ಕೊಂಡು, 32 ಅಡ್ಡ 32 ಉದ್ದದ ಚೌಕಗಳನ್ನು ಒಂದೊಂದಾಗಿ ತುಂಬಿ ಕಸದ ಬುಟ್ಟಿ, ನಗುವ ಕಂಪ್ಯೂಟರು ಎಲ್ಲ ಬರೆದರು. ಕಮಾಂಡ್ ಕೀಲಿಯ ಮೇಲಿನ ಕುಣಿಕೆಯಂಥ ಗುರುತನ್ನು ಅವರು ಆರಿಸಿದ್ದು ಚಿಹ್ನೆಗಳ ಒಂದು ಪುಸ್ತಕದಿಂದ. ಸ್ವೀಡನ್ನಿನಲ್ಲಿ ನೋಡತಕ್ಕ ಜಾಗಗಳಿಗೆ ಹಾಕುವ ಗುರುತು ಅದು. ವಿಂಡೋಸ್‌ನಲ್ಲಿ ನಾವೆಲ್ಲ ಆಡಿದ ಸಾಲಿಟೇರ್‌ನ ಇಸ್ಪೀಟು ಎಲೆಗಳೂ ಅವರ ಕೈಯವೇ. ಆ ಆಟದ ಪ್ರೋಗ್ರಾಂ ಬರೆದ ವೆಸ್ ಚೆರಿ ಆಗ ಮೈಕ್ರೋಸಾಫ್ಟಿನಲ್ಲಿ ತರಬೇತಿಗೆ ಬಂದ ಹುಡುಗ, ಗೌರವಧನ ಎಂದು ಅವರಿಗೆ ಏನೂ ಬರಲಿಲ್ಲ.

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಅನೇಕರು ಬಳಸುವ ಕೀಲಿಮಣೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ತರ್ಕದ ಮೇಲೆ ನಿಂತಿದೆ. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಜೋಡಿಸಬೇಕಿತ್ತು. ರಾಯರು ಆಕಾರ ಬಿಟ್ಟು ಉಚ್ಚಾರ ಹಿಡಿದರು: ನೀವು ಸ್ವರ ವ್ಯಂಜನ ಒತ್ತಿ, ಗುಣಿತವನ್ನೂ ಒತ್ತಕ್ಷರವನ್ನೂ ಕಂಪ್ಯೂಟರೇ ಕೂಡಿಸಲಿ. ಹಾಗಾಗಿಯೇ 26 ಕೀಲಿಗಳಲ್ಲಿ ಇಡೀ ವರ್ಣಮಾಲೆ ಹಿಡಿಯಿತು. ಈ ಅಂಕಣವೂ ಅದೇ ಕೀಲಿಗಳಿಂದ ಬಂದದ್ದು. ವಿಂಡೋಸ್ ಜೊತೆ ಬಂದ ‘ತುಂಗಾ’ ಕನ್ನಡ ಫಾಂಟ್ ಆರ್. ಕೆ. ಜೋಷಿಯವರ ಮಾರ್ಗದರ್ಶನದಲ್ಲಿ ಆದದ್ದು. ಅವರ ಜೊತೆ ಕೆಲಸ ಮಾಡಿದವರು ವಿನಯ್ ಸಾಯ್ನೇಕರ್.

ಬ್ರಿಟನ್ನಿನ ರಸ್ತೆ ಫಲಕಗಳನ್ನು ರೂಪಿಸಿದವರು ಜಾಕ್ ಕಿನ್ನೀರ್ ಮತ್ತು ಅವರ ಶಿಷ್ಯೆ ಮಾರ್ಗರೆಟ್ ಕ್ಯಾಲ್ವರ್ಟ್. ಪರೀಕ್ಷೆ ಹೇಗೆ ನಡೆಯಿತು ಗೊತ್ತೇ? ವಿಮಾನ ನೆಲೆಯೊಂದರಲ್ಲಿ ಜನರನ್ನು ಕೂರಿಸಿ, ತಲೆಯ ಮೇಲೆ ಫಲಕ ಹೊತ್ತ ಕಾರನ್ನು ಅವರತ್ತ ಓಡಿಸಿ, ಎಷ್ಟು ದೂರದಿಂದ ಓದಿದಿರಿ ಎಂದು ಕೇಳಿದರು. ಶಾಲೆಯ ಫಲಕದಲ್ಲಿ ಪುಟ್ಟ ಹುಡುಗನ ಕೈಹಿಡಿದು ದಾಟಿಸುವ ಹುಡುಗಿ ಸ್ವತಃ ಮಾರ್ಗರೆಟ್, ಅವರ ಚಿಕ್ಕಂದಿನ ಫೋಟೊ ನೋಡಿ ಬರೆದದ್ದು. ದನಗಳಿವೆ ಎಚ್ಚರಿಕೆ ಎನ್ನುವ ಫಲಕದ ಹಸುವಿಗೆ ಹೆಸರೂ ಇತ್ತು: ‘ಪೇಶನ್ಸ್’.

ಲಂಡನ್ನಿನ ಸುರಂಗ ರೈಲಿನ ನಕ್ಷೆ ಬರೆದ ಹ್ಯಾರಿ ಬೆಕ್ ವಿದ್ಯುತ್ ನಕ್ಷೆಗಳನ್ನು ಬರೆಯುತ್ತಿದ್ದ ನೌಕರ. ನೆಲದ ಕೆಳಗಿರುವವನಿಗೆ ದೂರ ಮುಖ್ಯವಲ್ಲ, ಯಾವ ನಿಲ್ದಾಣದ ನಂತರ ಯಾವುದು ಎಂಬುದಷ್ಟೇ ಮುಖ್ಯ ಎಂದು ಅವರಿಗೆ ಹೊಳೆಯಿತು. ಬಿಡುವಿನಲ್ಲಿ ಬರೆದುಕೊಟ್ಟ ನಕ್ಷೆಯನ್ನು ಕಂಪನಿ ಮೊದಲು ತಿರಸ್ಕರಿಸಿತು, 1933ರಲ್ಲಿ ಅಚ್ಚು ಮಾಡಿತು. ನಮ್ಮ ಮೆಟ್ರೊದ ಒಳಗಿನ ನೇರ ಗೆರೆಯ ನಕ್ಷೆಯೂ ಆ ಕುಲದ್ದೇ.

1964ರ ಟೋಕಿಯೊ ಒಲಿಂಪಿಕ್ಸ್‌ಗೆ ಜಪಾನಿ ಓದಲು ಬಾರದ ಲೋಕವೇ ಬರುತ್ತಿತ್ತು. ಕತ್ಸುಮಿ ಮಸಾರು ಅವರ ನೇತೃತ್ವದಲ್ಲಿ ಯುವ ವಿನ್ಯಾಸಕರ ತಂಡ ಆಟಗಳಿಗೆ, ಶೌಚಾಲಯಕ್ಕೆ, ದೂರವಾಣಿಗೆ ಚಿತ್ರಸಂಕೇತ ಬರೆಯಿತು. ಕೆಲಸ ಮುಗಿದ ಮೇಲೆ ಕತ್ಸುಮಿ ಎಲ್ಲರ ಮುಂದೆ ಒಂದು ಕಾಗದ ಇಟ್ಟರು: ಈ ಚಿತ್ರಗಳ ಮೇಲೆ ನಮಗೆ ಹಕ್ಕು ಬೇಡ, ಇವು ಸಮಾಜಕ್ಕೆ ಸೇರಿದ್ದು. ಎಲ್ಲರೂ ಸಹಿ ಮಾಡಿದರು.

ನೈಕಿ ಕಂಪನಿಯ ಆ ಗೀರು 1971ರಲ್ಲಿ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್ ಬರೆದದ್ದು. ಸಿಕ್ಕಿದ್ದು 35 ಡಾಲರ್. 1983ರಲ್ಲಿ ಕಂಪನಿ ಕರೆದು ಷೇರುಗಳನ್ನೂ ಉಂಗುರವನ್ನೂ ಕೊಟ್ಟಿತು.

ಫೆಡೆಕ್ಸ್ ಗಾಡಿ ಕಂಡರೆ ಕೊನೆಯ ಎರಡು ಅಕ್ಷರಗಳ ನಡುವಿನ ಖಾಲಿ ಜಾಗ ನೋಡಿ, ಬಾಣ ಇದೆ. 1994ರಲ್ಲಿ ಲಿಂಡನ್ ಲೀಡರ್ ಇಟ್ಟದ್ದು.

ಕನ್ನಡ ಪುಸ್ತಕಗಳ ಎರಡನೆಯ ಪುಟದಲ್ಲಿ, ಬೆಲೆ ಮತ್ತು ಮುದ್ರಕರ ವಿಳಾಸದ ಆಸುಪಾಸಿನಲ್ಲಿ, ‘ಮುಖಪುಟ ವಿನ್ಯಾಸ’ ಎಂಬ ಸಾಲಿರುತ್ತದೆ. ಚಂದ್ರನಾಥ ಆಚಾರ್ಯ, ಪ. ಸ. ಕುಮಾರ್, ಅಪಾರ ಇಂಥ ಹೆಸರುಗಳು ಅಲ್ಲೇ ಕೂತಿವೆ. ಮನೆಯ ಕಪಾಟಿನಿಂದ ಒಂದು ಹಳೆಯ ಕಾದಂಬರಿ ತೆಗೆದು ಆ ಸಾಲು ಓದಿ.

ಮೊದಲ ಮ್ಯಾಕ್ ಕಂಪ್ಯೂಟರಿನ ಕವಚ ಬಿಚ್ಚಿದರೆ ಒಳಗೋಡೆಯ ಮೇಲೆ ತಂಡದವರ ಸಹಿಗಳು ಅಚ್ಚಾಗಿವೆ. ಕೊಂಡವರಿಗೆ ಕಾಣಲಾರದ ಜಾಗ, ಆದರೂ ಬೇಕೆಂದೇ ಹಾಕಿದ್ದು.

ಅದಕ್ಕೆ ಕೆಲವು ವರ್ಷ ಮೊದಲು ವಿಡಿಯೊ ಆಟಗಳ ಅಟಾರಿ ಕಂಪನಿ ಮಾತ್ರ ಆಟ ರೂಪಿಸಿದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ಬೇಸತ್ತ ನಾಲ್ವರು ಹೊರಬಂದು 1979ರಲ್ಲಿ ಆಕ್ಟಿವಿಷನ್ ಕಟ್ಟಿ, ತಮ್ಮ ಆಟಗಳ ಜೊತೆ ರೂಪಿಸಿದವರ ಹೆಸರನ್ನೂ ಅಚ್ಚು ಹಾಕಿದರು. ಒಳಗೇ ಇದ್ದ ವಾರೆನ್ ರಾಬಿನೆಟ್ ಬೇರೆ ದಾರಿ ಹಿಡಿದರು. ‘ಅಡ್ವೆಂಚರ್’ ಎಂಬ ಆಟದಲ್ಲಿ ಒಂದೇ ಒಂದು ಬೂದು ಚುಕ್ಕಿಯನ್ನು ಅಡಗಿಸಿಟ್ಟರು. ಅದನ್ನು ಎತ್ತಿಕೊಂಡು ಸರಿಯಾದ ಗೋಡೆಗೆ ಬಂದರೆ ಗುಪ್ತ ಕೋಣೆ ತೆರೆದು, ಇದನ್ನು ಮಾಡಿದವನು ವಾರೆನ್ ರಾಬಿನೆಟ್ ಎಂಬ ಅಕ್ಷರಗಳು ಮಿನುಗುತ್ತಿದ್ದವು. ಇದನ್ನು ತಂಡದ ಯಾರಿಗೂ ಹೇಳದೆಯೇ ಅವರು ಕೆಲಸ ಬಿಟ್ಟು ಹೋದರು. ಗುಟ್ಟು ಹೊರಬಿದ್ದದ್ದು ಸಾಲ್ಟ್ ಲೇಕ್ ಸಿಟಿಯ ಒಬ್ಬ ಹುಡುಗ ಕಂಪನಿಗೆ ಪತ್ರ ಬರೆದಾಗ. ಅಳಿಸಬೇಕೆಂದರೆ ಚಿಪ್ಪನ್ನೇ ಹೊಸದಾಗಿ ಮಾಡಬೇಕು, ಅದಕ್ಕೆ ತಗಲುವ ಖರ್ಚು ಜಾಸ್ತಿ. ಅಟಾರಿ ಅದನ್ನು ಹಾಗೆಯೇ ಬಿಟ್ಟಿತು. ಆಟದೊಳಗೆ ಬಚ್ಚಿಟ್ಟ ಇಂಥ ಗುಟ್ಟುಗಳನ್ನು ‘ಈಸ್ಟರ್ ಎಗ್’ ಎನ್ನುವ ರೂಢಿ ಬಂದದ್ದು ಅಲ್ಲಿಂದಲೇ.